ಹರಕೆಯೂ ಇರಲಿ, ಗುಳಿಗೆಯೂ ಇರಲಿ

ಮುಂಬಯಿಯಲ್ಲಿ ನಮ್ಮವರು ವಾಸಿಸುವ ಯಾವ ಖೋಲಿಗೆ ಬೇಕಾದರೂ ಹೋಗಿ ನೋಡಿರಿ. ಗೋಡೆಯ ಮೇಲೆ ದೇವರ ಪಟ. ಪಟದ ಕೆಳಗಿನ ಹಲಗೆಯಲ್ಲಿ ಊದುಬತ್ತಿಯ ಕಟ್ಟು, ಕುಂಕುಮದ ಕರಡಿಗೆ. ಅದರ ಬದಿಯಲ್ಲೇ ರಕ್ತದೊತ್ತಡದ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆ. ದೇವರಿಗೂ ಗುಳಿಗೆಗೂ ಅಲ್ಲಿ ಜಗಳವಿಲ್ಲ. ಕೈಮುಗಿದು ಅದನ್ನು ನುಂಗಿ ಕೆಲಸಕ್ಕೆ ಹೊರಡುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಆದರೆ ಅದೇ ಖೋಲಿಯಲ್ಲಿ ಮನಸ್ಸಿನ ಕಾಯಿಲೆಗೆ ಮದ್ದು ತಿನ್ನುವವನೊಬ್ಬನಿದ್ದರೆ, ಅವನ ಗುಳಿಗೆ ಮಾತ್ರ ಟ್ರಂಕಿನ ತಳದಲ್ಲಿ, ಬಟ್ಟೆಯ ಮಡಿಕೆಯೊಳಗೆ ಅಡಗಿರುತ್ತದೆ. ಕದ್ದು ತಂದದ್ದನ್ನು ತಿನ್ನುವವನಂತೆ ಅವನು ಅದನ್ನು ನಲ್ಲಿಯ ಬಳಿಗೆ ಹೋಗಿ ನುಂಗಿ ಬರುತ್ತಾನೆ. ಈ ಭೇದವೇಕೆ? ಇದೇ ನಾವು ಇಂದು ಕೇಳಹೊರಟ ಪ್ರಶ್ನೆ.

ಪ್ರಶ್ನೆ ಸಣ್ಣದಲ್ಲ. ಒಬ್ಬನ ಅನ್ನ, ಒಂದು ಮನೆಯ ಒಲೆ, ಎಷ್ಟೋ ಸಲ ಒಂದು ಜೀವ ಇದರ ಮೇಲೆ ನಿಂತಿದೆ. ಆಸ್ಪತ್ರೆಯಿಂದ ಮದ್ದು ತಂದು, ಮೂರು ನಾಲ್ಕು ತಿಂಗಳು ನಿಯಮದಿಂದ ತಿಂದು, ನಿದ್ರೆ ಮರಳಿ ಬಂದು, ಮಾತು ನೆಟ್ಟಗಾಗಿ, ಕೆಲಸಕ್ಕೆ ಹತ್ತಿದ ಹುಡುಗ ರಜೆಯಲ್ಲಿ ಊರಿಗೆ ಹೋಗುತ್ತಾನೆ. ಅಲ್ಲಿ ಯಾರೋ ಹಿರಿಯರು ಕೇಳುತ್ತಾರೆ: “ಇನ್ನೂ ಮಾತ್ರೆ ನುಂಗುತ್ತೀಯಾ ಮಗಾ? ಕುಲದೈವದ ಮೇಲೆ ನಿನಗೆ ಅಷ್ಟೂ ನಂಬಿಕೆ ಇಲ್ಲವಾ?” ಹುಡುಗನ ತಲೆ ತಗ್ಗುತ್ತದೆ. ಅಂದೇ ಮದ್ದು ನಿಲ್ಲುತ್ತದೆ. ಕೆಲವು ವಾರ ಏನೂ ಆಗುವುದಿಲ್ಲ. “ನೋಡಿದಿಯಾ, ದೇವರೇ ಕಾಪಾಡಿದ” ಎನ್ನುತ್ತಾರೆ. ಆಮೇಲೆ ಒಂದು ರಾತ್ರಿ ನಿದ್ರೆ ಹೋಗುತ್ತದೆ, ಮತ್ತೊಂದು ರಾತ್ರಿ ಹೋಗುತ್ತದೆ, ಸಂಶಯ ಬರುತ್ತದೆ, ಗಿರಾಕಿಯೊಡನೆ ಜಗಳವಾಗುತ್ತದೆ. ಕಡೆಗೆ ಲೆಕ್ಕ ಚುಕ್ತಾ ಮಾಡಿಸಿ ಊರಿನ ಗಾಡಿ ಹತ್ತಿಸುತ್ತಾರೆ. ಇಂಥ ಕಥೆ ಒಂದೆರಡಲ್ಲ; ಹತ್ತು ಹೋಟೆಲು ಸುತ್ತಿದವರಿಗೆ ಒಂದಾದರೂ ಗೊತ್ತಿದೆ.

ಮದ್ದು ಬಿಡು ಎಂದು ಹೇಳಿದವರು ಆ ಹೊತ್ತಿಗೆ ಎಲ್ಲಿರುತ್ತಾರೆ? ಆ ಹುಡುಗನ ತಾಯಿಗೆ ತಿಂಗಳ ಮನಿಯಾರ್ಡರು ಕಳಿಸುವವರು ಅವರೇನು?

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ನಾವು ದೇವರನ್ನು ಬಿಡಿರೆಂದು ಹೇಳುವವರಲ್ಲ. ಊರು ಬಿಟ್ಟು ಬಂದ ಬಡವನಿಗೆ ಈ ಮಹಾನಗರದಲ್ಲಿ ತನ್ನದೆಂದು ಹೇಳಿಕೊಳ್ಳಲು ಇರುವುದಾದರೂ ಏನು? ಹೊಟ್ಟೆಪಾಡಿನ ಕೆಲಸ, ಮಲಗಲು ಮೂರು ಮೊಳ ಜಾಗ, ಮತ್ತು ಊರಿನಿಂದ ಬೆನ್ನಿಗೆ ಬಂದ ದೈವ. ಕರಾವಳಿಯವರಿಗೆ ನಾಗ-ಭೂತ, ಘಟ್ಟದ ಮೇಲಿನವರಿಗೆ ಎಲ್ಲಮ್ಮ-ಮೈಲಾರಲಿಂಗ, ಒಬ್ಬೊಬ್ಬರಿಗೆ ದರ್ಗಾ, ಒಬ್ಬೊಬ್ಬರಿಗೆ ಇಗರ್ಜಿ. ಇದನ್ನು ಕಸಿಯುವವನು ನಮ್ಮ ಸ್ನೇಹಿತನಲ್ಲ. ಆದರೆ ದೇವರ ಹೆಸರು ಹೇಳಿ ರೋಗಿಯ ಕೈಯಿಂದ ಮದ್ದು ಕಸಿಯುವವನೂ ನಮ್ಮ ಸ್ನೇಹಿತನಲ್ಲ. ಹಾಗೆ ಕಸಿಯಿರೆಂದು ಯಾವ ದೇವರೂ ಅಪ್ಪಣೆ ಕೊಟ್ಟಿಲ್ಲ ಎಂಬುದೇ ನಮ್ಮ ವಾದ.

“ದೇವರನ್ನು ನಂಬಿದವನಿಗೆ ಮದ್ದೇಕೆ?” ಎಂಬುದು ಎದುರಾಳಿಗಳ ಮೊದಲ ಬಾಣ. ಸರಿ, ಅವರ ಮನೆಯ ಸಂಪುಟವನ್ನೇ ತೆಗೆದು ನೋಡೋಣ. ವಿಷ್ಣುಸಹಸ್ರನಾಮವನ್ನು ದಿನವೂ ಪಾರಾಯಣ ಮಾಡುವವರು ನಮ್ಮಲ್ಲಿ ಎಷ್ಟೋ ಮಂದಿ. ಆ ಸಾವಿರ ನಾಮಗಳಲ್ಲಿ ವೈದ್ಯ ಎಂಬುದೊಂದು ನಾಮ, ಔಷಧ ಎಂಬುದೊಂದು ನಾಮ, ಭೇಷಜ ಎಂಬುದೊಂದು, ಭಿಷಕ್ ಎಂಬುದೊಂದು. ಎರಡು ಹೆಸರಿನ ಅರ್ಥ ಮದ್ದು. ಎರಡರ ಅರ್ಥ ಮದ್ದು ಕೊಡುವವನು. ಬೆಳಿಗ್ಗೆ ದೇವರನ್ನು ‘ಔಷಧ’ವೆಂದು ಕರೆದು, ಮಧ್ಯಾಹ್ನ ತಮ್ಮನ ಕೈಯ ಔಷಧವನ್ನು ಮೋರಿಗೆ ಎಸೆಯುವುದು ಯಾವ ಭಕ್ತಿ? ಸಮುದ್ರಮಥನದಲ್ಲಿ ಅಮೃತಕಲಶ ಹಿಡಿದು ಬಂದ ಧನ್ವಂತರಿ ವೈದ್ಯನಲ್ಲದೆ ಮತ್ತಾರು? ಶೈವರಾದರೂ ಹಾಗೆಯೇ. ತಲಕಾಡಿನಲ್ಲಿ ಶಿವನಿಗೆ ವೈದ್ಯೇಶ್ವರನೆಂದೇ ಹೆಸರು.

ನಮ್ಮ ಹೋಟೆಲಿನ ಹುಡುಗರಿಗೆ ಯಕ್ಷಗಾನದ ಕಥೆ ಬೇರೆ ಹೇಳಬೇಕಾಗಿಲ್ಲ. ಯುದ್ಧಭೂಮಿಯಲ್ಲಿ ಲಕ್ಷ್ಮಣ ಮೂರ್ಛೆ ಹೋಗಿ ಬಿದ್ದಾಗ ಶ್ರೀರಾಮ ಏನು ಮಾಡಿದ? ಸಾಕ್ಷಾತ್ ಭಗವಂತನೇ ಬದಿಯಲ್ಲಿ ಕುಳಿತಿದ್ದಾನೆ, ಮುಟ್ಟಿ ಎಬ್ಬಿಸಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಸುಷೇಣನೆಂಬ ವೈದ್ಯ ಮೂಲಿಕೆ ಹೇಳಿದ. ಹನುಮಂತ ಬೆಟ್ಟವನ್ನೇ ಹೊತ್ತು ತಂದ. ರಾಮನೇ ತಮ್ಮನಿಗೆ ಮದ್ದು ಕೊಡಿಸಿದ ಮೇಲೆ, ರಾಮಭಕ್ತನು ತನ್ನ ತಮ್ಮನಿಗೆ ಮದ್ದು ಬೇಡವೆನ್ನುವುದು ರಾಮನಿಗಿಂತ ದೊಡ್ಡವನಾಗಲು ಹೊರಟಂತೆ!

ಮುಸಲ್ಮಾನ ಬಂಧುಗಳ ಪ್ರವಾದಿಗಳು, ಅಲ್ಲಾಹನು ಶಮನವನ್ನು ಕೊಡದೆ ಯಾವ ರೋಗವನ್ನೂ ಇಳಿಸಿಲ್ಲವೆಂಬ ಭಾವದ ಉಪದೇಶ ಮಾಡಿದ್ದಾರೆ. ಕ್ರೈಸ್ತರ ನಾಲ್ಕು ಸುವಾರ್ತೆಗಳಲ್ಲಿ ಒಂದನ್ನು ಬರೆದವನೆಂದು ನಂಬಲಾದ ಸಂತ ಲೂಕನು ವೈದ್ಯ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗಾಗಿ ಮದ್ದಿನ ಶಾಲೆ ತೆರೆದ ಫಾದರ್ ಮುಲ್ಲರ್ ಜೆಸುಯಿಟ್ ಪಾದ್ರಿ. ಅದೇ ಇಂದು ಬೃಹತ್ ಆಸ್ಪತ್ರೆಯಾಗಿ ನಿಂತಿದೆ. ಸುತ್ತೂರು ಮಠದ ಆಶ್ರಯದಲ್ಲಿ ಮೈಸೂರಿನಲ್ಲಿ, ಆದಿಚುಂಚನಗಿರಿ ಮಠದ ಆಶ್ರಯದಲ್ಲಿ ಮಂಡ್ಯ ಜಿಲ್ಲೆಯ ಬೆಳ್ಳೂರಿನಲ್ಲಿ, ಧರ್ಮಸ್ಥಳದ ಮಂಜುನಾಥಸ್ವಾಮಿಯ ಹೆಸರಿನಲ್ಲಿ ಧಾರವಾಡದಲ್ಲಿ ವೈದ್ಯಕೀಯ ಕಾಲೇಜುಗಳು ನಡೆಯುತ್ತಿವೆ. ಅವುಗಳಲ್ಲೆಲ್ಲ ಮನೋರೋಗ ವಿಭಾಗವುಂಟು. ಮಠ, ಕ್ಷೇತ್ರ, ಇಗರ್ಜಿಗಳಿಗೆ ಇಲ್ಲದ ಮಡಿ ನಮ್ಮ ಓಣಿಯ ಮಂತ್ರವಾದಿಗೆ ಎಲ್ಲಿಂದ ಬಂತು?

“ಇದು ಇಂಗ್ಲಿಷ್ ಮದ್ದು, ನಮ್ಮ ಸಂಪ್ರದಾಯವಲ್ಲ” ಎಂಬುದು ಎರಡನೆಯ ಬಾಣ. ನಮ್ಮ ಸಂಪ್ರದಾಯದ ಗ್ರಂಥವೇ ಏನು ಹೇಳುತ್ತದೆ? ಚರಕಸಂಹಿತೆಯಲ್ಲಿ ಉನ್ಮಾದರೋಗಕ್ಕೆ ಪ್ರತ್ಯೇಕ ಅಧ್ಯಾಯಗಳಿವೆ. ಚಿಕಿತ್ಸೆಯನ್ನು ಚರಕನು ಮೂರಾಗಿ ವಿಂಗಡಿಸಿದ್ದಾನೆ: ಮಂತ್ರ, ಜಪ, ಹೋಮ, ಉಪವಾಸ ಮೊದಲಾದ ದೈವವ್ಯಪಾಶ್ರಯ, ಆಹಾರ-ಔಷಧಗಳ ಯುಕ್ತಿವ್ಯಪಾಶ್ರಯ, ಮನಸ್ಸನ್ನು ಕೆಟ್ಟದರಿಂದ ಹಿಡಿದು ನಿಲ್ಲಿಸುವ ಸತ್ತ್ವಾವಜಯ. ಮೂರನ್ನೂ ಹೇಳಿದನೇ ಹೊರತು, ಮೊದಲನೆಯದನ್ನು ಹಿಡಿದವನು ಎರಡನೆಯದನ್ನು ಬಿಡತಕ್ಕದ್ದೆಂದು ಹೇಳಲಿಲ್ಲ. ಸಾವಿರಾರು ವರ್ಷದ ಹಿಂದೆ ಒಂದೇ ಹಾಸಿನಲ್ಲಿ ಕೂತಿದ್ದ ಜಪವನ್ನೂ ಮದ್ದನ್ನೂ ಬೇರ್ಪಡಿಸಿ ಜಗಳ ಹಚ್ಚಿದವರು ನಾವೇ.

ಇನ್ನೂ ಒಂದು ಸಂಗತಿ. ಸರ್ಪಗಂಧಿಯ ಬೇರು ಈ ದೇಶದ್ದು. ಹುಚ್ಚಿನ ಮದ್ದೆಂದೇ ಹಳ್ಳಿಗಳಲ್ಲಿ ಬಳಕೆಯಲ್ಲಿತ್ತು. ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು 1931ರಲ್ಲಿ ಅದು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಪ್ರಕಟಿಸಿದರು. ಅದರ ಸಾರವನ್ನು 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೇರ್ಪಡಿಸಿ ರಿಸರ್ಪಿನ್ ಎಂದು ಹೆಸರಿಟ್ಟರು. ಮನೋರೋಗಕ್ಕೆ ಈ ಕಾಲದಲ್ಲಿ ಬಳಕೆಗೆ ಬಂದ ಮೊದಲ ಮದ್ದುಗಳ ಸಾಲಿನಲ್ಲಿ ಅದೂ ಒಂದು. ಇಂದು ಅದಕ್ಕಿಂತ ಒಳ್ಳೆಯವು ಬಂದಿರುವುದರಿಂದ ಆ ಬೇರನ್ನು ಯಾರೂ ಜಗಿಯಹೋಗಬಾರದು. ಆದರೆ ಗುಳಿಗೆ ಪರದೇಶದ ಪಿಶಾಚಿಯೆಂದು ಹೆದರುವವರು ಇಷ್ಟನ್ನು ತಿಳಿದಿರಲಿ: ಅದರ ಒಂದು ಬೇರು ನಮ್ಮ ಕಾಡಿನಲ್ಲೇ ಇತ್ತು.

ಅದಕ್ಕೂ ಮೊದಲು ಈ ರೋಗಿಗಳ ಗತಿ ಏನಾಗಿತ್ತು? ಸರಪಳಿ, ಕತ್ತಲಕೋಣೆ, ಬೆತ್ತ. ಬಡವನಿಗೂ ಶ್ರೀಮಂತನಿಗೂ ಅದೇ. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯ ಲಿಥಿಯಂ ಎಂಬ ಲವಣವು ಉನ್ಮಾದದ ಉಬ್ಬರವನ್ನು ಇಳಿಸುತ್ತದೆಂದು ಕಂಡ. 1952ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ಕ್ಲೋರ್‌ಪ್ರೊಮಝಿನ್ ಎಂಬ ಮದ್ದನ್ನು ಕೊಟ್ಟಾಗ, ವರ್ಷಗಟ್ಟಲೆ ಕೂಗಾಡುತ್ತಿದ್ದವರು ಶಾಂತರಾಗಿ ಮಾತಾಡತೊಡಗಿದರು. ಅಲ್ಲಿಂದೀಚೆಗೆ ಸರಪಳಿ ಕಳಚಿದ್ದು ಬೋಧನೆಯಿಂದಷ್ಟೇ ಅಲ್ಲ, ಮದ್ದಿನಿಂದ. ಬಂಧನದಿಂದ ಬಿಡಿಸುವುದನ್ನು ದೇವರ ಕೆಲಸವೆಂದು ಹೊಗಳುವ ನಾವು, ಬಂಧನ ಬಿಡಿಸಿದ ಮದ್ದನ್ನು ಮಾತ್ರ ದೇವರ ವಿರೋಧಿ ಎನ್ನಬೇಕೇ?

ರೋಗ ಅಪರೂಪದ್ದೆಂದೂ ತಿಳಿಯಬೇಡಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಪ್ರಾಯಕ್ಕೆ ಬಂದವರಲ್ಲಿ ನೂರಕ್ಕೆ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಚಿಕಿತ್ಸೆ ದೊರೆಯದೆ ಉಳಿದವರು, ರೋಗಕ್ಕೆ ತಕ್ಕಂತೆ, ನೂರಕ್ಕೆ 70ರಿಂದ 92. ನಮ್ಮ ಹೋಟೆಲಿನಲ್ಲಿ ಇಪ್ಪತ್ತು ಜನರಿದ್ದರೆ ಅದರಲ್ಲಿ ಇಬ್ಬರೆಂದು ಲೆಕ್ಕ ಹಾಕಿರಿ. ಬೆಳಗಿನ ಜಾವ ಒಲೆ ಹೊತ್ತಿಸಿ ನಡುರಾತ್ರಿ ಪಾತ್ರೆ ಮಗುಚುವ ಕೆಲಸದಲ್ಲಿ, ಹೆಂಡತಿ ಮಕ್ಕಳಿಂದ ದೂರವಿರುವ ಬದುಕಿನಲ್ಲಿ, ಮನಸ್ಸು ಸೋಲುವುದು ಆಶ್ಚರ್ಯವೇ? 1982ರ ಮುಷ್ಕರದ ಬಳಿಕ ಒಂದರ ಹಿಂದೊಂದು ಗಿರಣಿಯ ಭೋಂಗಾ ನಿಂತಾಗ ಎಷ್ಟು ಜನ ಗಟ್ಟಿಗರು ಮಾತು ಬಿಟ್ಟು ಗೋಡೆ ನೋಡುತ್ತ ಕುಳಿತರೆಂಬುದು ಗಿರಣಗಾಂವಿನ ಹಳಬರಿಗೆ ನೆನಪಿದೆ. ಅಂದು ಅದನ್ನು ಗ್ರಹಚಾರವೆಂದರು, ಸಾಡೇಸಾತಿ ಎಂದರು. ಇರಲಿ, ಶನಿಯೇ ಹಿಡಿದನೆಂದು ಒಪ್ಪೋಣ. ಸಾಡೇಸಾತಿಯಲ್ಲಿ ಕಾಲು ಮುರಿದರೆ ಏಳೂವರೆ ವರ್ಷ ಪ್ಲಾಸ್ಟರ್ ಹಾಕಿಸದೆ ಕೂರುತ್ತೇವೆಯೇ? ಶನಿಪೂಜೆಯೂ ಮಾಡಿಸುತ್ತೇವೆ, ಪ್ಲಾಸ್ಟರೂ ಹಾಕಿಸುತ್ತೇವೆ. ಮನಸ್ಸು ಮುರಿದಾಗ ಮಾತ್ರ ಬೇರೆ ನ್ಯಾಯವೇಕೆ?

ಎದುರಾಳಿಗಳ ಮೂರನೆಯ ಬಾಣ ತುಸು ಬಲವಾದದ್ದು: “ದೇವಸ್ಥಾನದಲ್ಲಿ ಕೂತು ಗುಣವಾದವರನ್ನು ನಾವು ಕಣ್ಣಾರೆ ಕಂಡಿದ್ದೇವೆ.” ಕಂಡಿರಬಹುದು, ನಾವು ಅಲ್ಲಗಳೆಯುವುದಿಲ್ಲ. ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದುಕೊಂಡ 31 ಮನೋರೋಗಿಗಳನ್ನು ನಿಮ್ಹಾನ್ಸಿನ ವೈದ್ಯರೇ ಪರೀಕ್ಷಿಸಿ, 2002ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ವರದಿ ಪ್ರಕಟಿಸಿದ್ದಾರೆ. ಅಲ್ಲಿ ಹೊಡೆತವಿಲ್ಲ, ಬೈಗುಳವಿಲ್ಲ. ಬಳಿಯಲ್ಲಿ ಮನೆಯವರು, ಬೆಳಿಗ್ಗೆ ಪೂಜೆ, ಆಮೇಲೆ ಕೈಲಾದ ಸಣ್ಣ ಕೆಲಸ. ರೋಗದ ಲಕ್ಷಣಗಳು ಸರಾಸರಿ ನೂರಕ್ಕೆ 20ರಷ್ಟು ಇಳಿದಿದ್ದವು. ಅಂದ ಮೇಲೆ ಗುಡಿಯ ನೆರಳಿನಲ್ಲಿ, ಪ್ರೀತಿಯ ನಡುವೆ ಮನಸ್ಸು ಹಗುರಾಗುವುದು ನಿಜ. ಆದರೆ ಇದರಿಂದ ಏನು ಸಿದ್ಧವಾಯಿತು? ಗುಡಿ ಒಳ್ಳೆಯದೆಂದು ಸಿದ್ಧವಾಯಿತು. ಮದ್ದು ಕೆಟ್ಟದ್ದೆಂದು ಸಿದ್ಧವಾಗಲಿಲ್ಲ. ಅನ್ನ ಒಳ್ಳೆಯದೆಂದರೆ ನೀರು ವಿಷವೆಂದು ಅರ್ಥವೇ?

ಅದೇ ತಮಿಳುನಾಡಿನ ಇನ್ನೊಂದು ಚಿತ್ರವನ್ನೂ ಮರೆಯಬಾರದು. ರಾಮನಾಥಪುರ ಜಿಲ್ಲೆಯ ಏರ್ವಾಡಿಯ ದರ್ಗಾಕ್ಕೆ ಎಲ್ಲ ಜಾತಿಯವರೂ ರೋಗಿಗಳನ್ನು ಕರೆದೊಯ್ಯುತ್ತಿದ್ದರು. ದರ್ಗಾದ ಸುತ್ತ ಹಣಕ್ಕಾಗಿ ಹುಟ್ಟಿಕೊಂಡ ಖಾಸಗಿ ಮನೆಗಳಲ್ಲಿ ಅವರನ್ನು ಸರಪಳಿಯಿಂದ ಬಿಗಿದಿಡುತ್ತಿದ್ದರು. 2001ರ ಆಗಸ್ಟ್ 6ರಂದು ಬೆಳಗಿನ ಜಾವ ಅಂಥದೊಂದು ಚಪ್ಪರಕ್ಕೆ ಬೆಂಕಿ ಬಿತ್ತು. ಓಡಲು ಕಾಲಿಗೆ ಸರಪಳಿ. 28 ಮಂದಿ ಬೆಂದು ಸತ್ತರು. ಅವರನ್ನು ಅಲ್ಲಿಗೆ ತಂದದ್ದು ಭಕ್ತಿ. ಕೊಂದದ್ದು ಭಕ್ತಿಯನ್ನು ವ್ಯಾಪಾರ ಮಾಡಿಕೊಂಡವರ ಸರಪಳಿ.

ಹಾಗಾದರೆ ದಾರಿ ಇಲ್ಲವೇ? ಇದೆ. ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿ ಮೀರಾ ದಾತಾರ್ ದರ್ಗಾ ಇದೆ. ಅಲ್ಲಿ 2008ರಿಂದ ದರ್ಗಾದ ಆವರಣದಲ್ಲೇ ಮನೋವೈದ್ಯರು ಕುಳಿತು ಮದ್ದು ಕೊಡುವ ಏರ್ಪಾಡಾಯಿತು. ಅದಕ್ಕೆ ಇಟ್ಟ ಹೆಸರು ‘ದವಾ-ದುವಾ’: ಮದ್ದು ಮತ್ತು ಪ್ರಾರ್ಥನೆ. ದರ್ಗಾದ ಮುಜಾವರರೇ ಪ್ರಾರ್ಥನೆ ಮುಗಿಸಿ ರೋಗಿಯನ್ನು ವೈದ್ಯರ ಬಳಿಗೆ ಕಳಿಸುತ್ತಾರೆ. ಮುಜಾವರನ ಗೌರವ ಕುಂದಲಿಲ್ಲ. ವೈದ್ಯನ ವಿದ್ಯೆಯೂ ಕೆಡಲಿಲ್ಲ. ನಮ್ಮ ಭಜನಾಮಂಡಳಿಗಳೂ ಶನಿಪೂಜಾ ಸಮಿತಿಗಳೂ ಇಷ್ಟು ಮಾಡಲಾರವೇ? ಮಂಗಳಾರತಿಯ ಬಳಿಕ ಹಿರಿಯರೊಬ್ಬರು ಎದ್ದು, “ಮನಸ್ಸಿಗೆ ಮದ್ದು ತಿನ್ನುವವರು ಯಾರಾದರೂ ಇದ್ದರೆ, ಬಿಡಬೇಡಿ, ದೇವರು ಮೆಚ್ಚುತ್ತಾನೆ” ಎಂದು ಒಂದು ಮಾತು ಹೇಳಿದರೆ, ಸಾವಿರ ಕರಪತ್ರ ಮಾಡದ ಕೆಲಸವನ್ನು ಅದು ಮಾಡೀತು.

ಕರಾವಳಿಯ ಬಂಧುಗಳು ನಮ್ಮನ್ನು ಕೇಳಬಹುದು: “ಹಾಗಾದರೆ ದರ್ಶನ ಬರುವುದೂ ಕಾಯಿಲೆಯೋ?” ಅಲ್ಲ ಸ್ವಾಮಿ. ಪಾತ್ರಿಗೆ ದರ್ಶನ ಬರುವುದಕ್ಕೆ ಒಂದು ದಿನವಿದೆ, ಒಂದು ಜಾಗವಿದೆ, ಕಟ್ಟುಕಟ್ಟಳೆಯಿದೆ, ನಾಲ್ಕು ಜನರಿದ್ದಾರೆ. ದರ್ಶನ ಇಳಿದ ಮೇಲೆ ಅವನು ಊಟ ಮಾಡಿ ಮಲಗುತ್ತಾನೆ, ಮರುದಿನ ಗದ್ದೆಗೆ ಇಳಿಯುತ್ತಾನೆ. ಕಾಯಿಲೆಯ ಧ್ವನಿಗೆ ದಿನವಿಲ್ಲ, ಹೊತ್ತಿಲ್ಲ. ಅದು ಸ್ಟೋರ್‌ರೂಮಿನಲ್ಲಿ ಅಕ್ಕಿ ಅಳೆಯುವಾಗಲೂ ಬೈಯುತ್ತದೆ, ರಾತ್ರಿಯಿಡೀ ಬೈಯುತ್ತದೆ, ಅನ್ನ ಬಿಡಿಸುತ್ತದೆ, ಅಣ್ಣನೇ ವಿಷ ಹಾಕಿದನೆನ್ನುತ್ತದೆ, ಕೆಲವೊಮ್ಮೆ ರೈಲಿನ ಹಳಿಯತ್ತ ನಡೆ ಎನ್ನುತ್ತದೆ. ಮಕ್ಕಳನ್ನು ಕಾಯುವ ದೈವ ಹೀಗೆ ಮಾತಾಡುವುದುಂಟೇ? ಕಾಯಿಲೆಯ ಮಾತನ್ನು ದೈವದ ಬಾಯಿಗೆ ಹಾಕುವುದೇ ದೈವಕ್ಕೆ ಮಾಡುವ ಅಪಚಾರ. ಗುಳಿಗನಿಗೆ ಕೋಳಿ ಒಪ್ಪಿಸುವ ಧೈರ್ಯವುಳ್ಳವನು ಅಂಗೈಯ ಗುಳಿಗೆಗೆ ಹೆದರಬಾರದು.

ಇನ್ನು ಮಂತ್ರವಾದಿಗಳ ವಿಚಾರ. ಪ್ರಾರ್ಥಿಸುವ ಅರ್ಚಕನನ್ನೂ ಆಶೀರ್ವದಿಸುವ ಪಾದ್ರಿ-ಮೌಲವಿಗಳನ್ನೂ ನಾವು ಇವರ ಸಾಲಿಗೆ ಸೇರಿಸುವುದಿಲ್ಲ. ಮಾಟವಾಗಿದೆಯೆಂದು ಹೆದರಿಸಿ, ತಗಡಿಗಿಷ್ಟು, ತಾಯಿತಕ್ಕಿಷ್ಟು, ಹೋಮಕ್ಕಿಷ್ಟು ಎಂದು ಆರು ತಿಂಗಳ ಪಗಾರವನ್ನು ಒಂದೇ ಅಮಾವಾಸ್ಯೆಗೆ ನುಂಗುವವರ ಮಾತು ಇದು. ಇವರ ಮೊದಲ ಕರಾರೇ “ಇಂಗ್ಲಿಷ್ ಮದ್ದು ನಿಲ್ಲಿಸಬೇಕು, ಇಲ್ಲವಾದರೆ ನಮ್ಮದು ಹಿಡಿಯುವುದಿಲ್ಲ” ಎಂಬುದು. ಏಕೆ? ಮದ್ದಿನಿಂದ ಗುಣವಾದರೆ ಅವರ ಅಂಗಡಿ ಮುಚ್ಚುತ್ತದೆ. ಮದ್ದು ಬಿಟ್ಟು ರೋಗ ಮರುಕಳಿಸಿದರೆ ಇನ್ನೊಂದು ಹೋಮ ಬೀಳುತ್ತದೆ. ಮಹಾರಾಷ್ಟ್ರದಲ್ಲಿ 2013ರ ಕಾಯಿದೆಯಂತೆ, ದೆವ್ವ ಬಿಡಿಸುವ ನೆಪದಲ್ಲಿ ಹಗ್ಗ-ಸರಪಳಿಯಿಂದ ಕಟ್ಟುವುದು, ಹೊಡೆಯುವುದು, ಮೆಣಸಿನ ಹೊಗೆ ಕೊಡುವುದು ಅಪರಾಧ. ಹಾವು ಕಚ್ಚಿದವನಿಗೆ ಮದ್ದು ತಪ್ಪಿಸಿ ಮಂತ್ರ ಹಾಕುವುದೂ ಅಪರಾಧ. ಆ ಕಾಯಿದೆಗಾಗಿ ವರ್ಷಗಟ್ಟಲೆ ಹೋರಾಡಿದ ಡಾ. ನರೇಂದ್ರ ದಾಭೋಳ್ಕರರನ್ನು ಅದೇ ವರ್ಷ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಕರ್ನಾಟಕದಲ್ಲೂ 2017ರಲ್ಲಿ ಇಂಥದೇ ಕಾಯಿದೆಗೆ ಒಪ್ಪಿಗೆ ದೊರೆಯಿತು. ಹಾವು ಕಚ್ಚಿದವನಿಗೆ ಮದ್ದು ತಪ್ಪಿಸಬಾರದೆಂದು ಕಾನೂನಿಗೆ ತಿಳಿಯಿತು. ಮನಸ್ಸಿಗೆ ಕಚ್ಚಿದ ಹಾವಿನ ವಿಷಯದಲ್ಲಿ ನಮಗೆ ತಿಳಿಯುವುದು ಯಾವಾಗ?

ವಾದ ಇಷ್ಟು. ಇನ್ನು ಮದ್ದು ತಿನ್ನುವ ಬಂಧುಗಳೊಡನೆ ನೇರವಾಗಿ ಒಂದೆರಡು ಮಾತು.

ಖಿನ್ನತೆಯ ಕಾಯಿಲೆಯಲ್ಲಿ ಬಹಳ ಮಂದಿಗೆ ಪ್ರಾರ್ಥನೆ ರುಚಿಸುವುದಿಲ್ಲ. ಭಜನೆಗೆ ಕುಳಿತರೆ ಬಾಯಿ ಬಾರದು. ಕೈಮುಗಿದರೆ ಎದುರಿಗೆ ಯಾರೂ ಇಲ್ಲವೆನಿಸುತ್ತದೆ. “ದೇವರು ನನ್ನ ಕೈಬಿಟ್ಟ, ನಾನು ಪಾಪಿ” ಎಂದು ಒಳಗೇ ಕೊರೆಯುತ್ತದೆ. ಅಣ್ಣಂದಿರೇ, ಅದು ದೇವರ ತೀರ್ಪಲ್ಲ, ರೋಗದ ಲಕ್ಷಣ. ಜ್ವರದ ಬಾಯಿಗೆ ಪಾಯಸವೂ ಕಹಿ. ಪಾಯಸದ ತಪ್ಪೇನು, ಬಾಯಿಯ ತಪ್ಪೇನು? ಜ್ವರ ಇಳಿಯಲಿ, ರುಚಿ ಬರುತ್ತದೆ. ಮದ್ದು ಹಿಡಿದು ಗುಣವಾದವರ ಬಾಯಿಗೆ ಭಜನೆಯೂ ಮರಳುತ್ತದೆ. ಹೀಗಿರುವಲ್ಲಿ ಮದ್ದನ್ನು ಭಕ್ತಿಯ ವೈರಿ ಎನ್ನುವುದಕ್ಕಿಂತ ದೊಡ್ಡ ಸುಳ್ಳುಂಟೇ?

ಮದ್ದಿಗೆ ತಾಳ್ಮೆ ಬೇಕು. ಖಿನ್ನತೆಯ ಗುಳಿಗೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಅದಕ್ಕೂ ಮೊದಲೇ ತೂಕಡಿಕೆ, ಬಾಯಿ ಒಣಗುವಿಕೆ ಬರಬಹುದು. ಕೆಲವು ಮದ್ದಿನಿಂದ ಕೈ ನಡುಗಬಹುದು, ಮೈ ದಪ್ಪಗಾಗಬಹುದು. ನಾಲ್ಕು ಗ್ಲಾಸು ಚಹಾ ಒಟ್ಟಿಗೆ ಹಿಡಿಯುವ ಸಪ್ಲಾಯರನಿಗೆ ಕೈನಡುಕ ಹೊಟ್ಟೆಯ ಪ್ರಶ್ನೆ. ಅದನ್ನು ವೈದ್ಯರಿಗೆ ಹೇಳಿರಿ, ಅವರು ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಮದ್ದು ಬದಲಿಸುತ್ತಾರೆ. ಗುಣವಾಯಿತೆನಿಸಿದ ಮರುದಿನವೇ ಬಿಡಬಾರದು. ಮೊದಲ ಸಲದ ಖಿನ್ನತೆಗೂ ವಾಸಿಯಾದ ಬಳಿಕ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. ಕೆಲವು ರೋಗಗಳಿಗೆ ವರ್ಷಗಟ್ಟಲೆ. “ಅಭ್ಯಾಸವಾಗಿಬಿಡುತ್ತದೆ” ಎಂದು ಹೆದರಿಸುವವರಿದ್ದಾರೆ. ಕೆಲವು ಬಗೆಯ ನಿದ್ರೆಗುಳಿಗೆಗಳು ಅಭ್ಯಾಸವಾಗುವುದು ನಿಜ. ಆದ್ದರಿಂದಲೇ ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗಬಾರದು. ಖಿನ್ನತೆಯ ಮದ್ದಾಗಲಿ ಲಿಥಿಯಂ ಆಗಲಿ ಹೆಂಡದಂತೆ ಚಟ ಹಿಡಿಸುವಂಥವಲ್ಲ.

ವ್ರತ-ಉಪವಾಸಗಳಿಗೂ ದಾರಿಯುಂಟು. ಲಿಥಿಯಂ ತಿನ್ನುವವರು ನೀರು ಬಿಟ್ಟು ಉಪವಾಸ ಮಾಡಿದರೆ ಮೈಯ ನೀರು ಆರಿ ರಕ್ತದಲ್ಲಿ ಮದ್ದಿನ ಅಂಶ ಏರಿ ವಿಷವಾಗಬಹುದು. ಉಪ್ಪು ಥಟ್ಟನೆ ಬಿಟ್ಟರೂ ಹಾಗೆಯೇ. ಆದಕಾರಣ ಏಕಾದಶಿಗೆ, ರಂಜಾನಿಗೆ ಮೊದಲೇ ವೈದ್ಯರನ್ನು ಕೇಳಿರಿ. ಹಲವು ಮದ್ದುಗಳ ಹೊತ್ತನ್ನು ಹಿಂದುಮುಂದು ಮಾಡಲು ಬರುತ್ತದೆ. ಶಬರಿಮಲೆಗೆ ಮಾಲೆ ಹಾಕಿದವರು ನಲವತ್ತೊಂದು ದಿನ ಹೆಂಡ-ಮಾಂಸ ಬಿಡಲಿ, ಕೋಪ ಬಿಡಲಿ, ಮದ್ದು ಬಿಡಬೇಕಾಗಿಲ್ಲ. ಕ್ಯಾಪ್ಸೂಲಿನ ಹೊರಗವಚ ಸಾಮಾನ್ಯವಾಗಿ ಪ್ರಾಣಿಜನ್ಯವೆಂದು ಅಳುಕುವವರು ವೈದ್ಯರೊಡನೆ ಬಾಯಿ ಬಿಟ್ಟು ಹೇಳಿದರೆ, ಬಹುತೇಕ ಅದೇ ಕೆಲಸದ ಮಾತ್ರೆ ದೊರೆಯುತ್ತದೆ. ಉನ್ಮಾದದ ಕಾಯಿಲೆಯವರಿಗೆ ಮಾತ್ರ ಒಂದು ಎಚ್ಚರಿಕೆ: ನಿದ್ರೆಗೆಟ್ಟರೆ ರೋಗ ಕೆರಳುತ್ತದೆ. ಶಿವರಾತ್ರಿಯ ಜಾಗರಣೆಯನ್ನೂ ಬೆಳತನಕದ ಆಟವನ್ನೂ ಅವರು ಬಿಟ್ಟರೆ ಶಿವನಿಗೆ ಸಿಟ್ಟಿಲ್ಲ. ಹರಕೆ ಹೊರಲೇಬೇಕೆಂದಿದ್ದರೆ ಹೀಗೆ ಹೊತ್ತುಕೊಳ್ಳಿರಿ: “ತಾಯೀ, ಒಂದು ದಿನವೂ ಮದ್ದು ತಪ್ಪಿಸೆನು, ಗುಣವಾದ ಮೇಲೆ ಬಂದು ಹಣ್ಣುಕಾಯಿ ಮಾಡಿಸುತ್ತೇನೆ.” ಇದಕ್ಕಿಂತ ಕಟ್ಟುನಿಟ್ಟಿನ ವ್ರತ ಯಾವುದಿದೆ?

ಮದ್ದು ಎಲ್ಲಿ ಸಿಗುತ್ತದೆ? ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲಿನ ನಾಯರ್, ಸಾಯನ್ನಿನ ಲೋಕಮಾನ್ಯ ಟಿಳಕ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗವಿದೆ. ಕೇಸ್ ಪೇಪರ್ ಮಾಡಿಸಿ ಸಾಲಿನಲ್ಲಿ ನಿಂತರಾಯಿತು. ಹೋಗಲು ಅಂಜುವವರು 14416 ಸಂಖ್ಯೆಗೆ ಫೋನು ಮಾಡಲಿ. 2022ರ ಅಕ್ಟೋಬರದಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ ಅದು. ದಿನದ 24 ತಾಸು, ಖರ್ಚಿಲ್ಲದೆ, ಕನ್ನಡದಲ್ಲೂ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯನ್ನು ಹಕ್ಕೆಂದು ಒಪ್ಪಿದೆ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ, ವಿಮೆಯವರು ಮೈಯ ರೋಗಕ್ಕೂ ಮನಸ್ಸಿನ ರೋಗಕ್ಕೂ ಭೇದ ಮಾಡಬಾರದೆಂದಿದೆ. ಇ.ಎಸ್.ಐ. ಯೋಜನೆಯ ದೀರ್ಘರೋಗಗಳ ಪಟ್ಟಿಯಲ್ಲಿ ಕ್ಷಯ, ಕುಷ್ಠ, ಕ್ಯಾನ್ಸರುಗಳ ಜೊತೆಗೆ ತೀವ್ರ ಮನೋರೋಗವೂ ಸೇರಿದೆ. ಚಂದಾ ಸರಿಯಾಗಿ ತುಂಬಿದ ಕಾರ್ಮಿಕ ನಿಯಮದಂತೆ ರಜೆಯ ಪಗಾರವನ್ನು ಕೇಳಿ ಪಡೆಯಬಹುದು. ಇದು ಯಾರೂ ಕೊಡುವ ಭಿಕ್ಷೆಯಲ್ಲ.

ಧಣಿಗಳಿಗೂ ಒಂದು ಮಾತು. ಊರ ದೇವಸ್ಥಾನದ ಬ್ರಹ್ಮಕಲಶಕ್ಕೆ ಲಕ್ಷ ರೂಪಾಯಿ ಬರೆಸಿ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುತ್ತೀರಿ, ಸಂತೋಷ. ಆದರೆ ಹದಿನೈದು ವರ್ಷ ನಿಮ್ಮ ಒಲೆಯ ಮುಂದೆ ಬೆಂದ ಭಟ್ಟನಿಗೆ ಮನಸ್ಸು ಕೆಟ್ಟಾಗ, ಹದಿನೈದು ದಿನದ ರಜೆ ಕೊಡದೆ ಹೊರಗಟ್ಟಿದರೆ ಆ ಕಲ್ಲಿನ ಮೇಲಿನ ಹೆಸರು ಯಾರಿಗೆ ಕಾಣಬೇಕು? ದೇವರಿಗೆ ಓದು ಬರಹ ಬರುತ್ತದೆ. ಹಾಜರಿ ಪುಸ್ತಕವನ್ನೂ ಅವನು ಓದುತ್ತಾನೆ.

ವೈದ್ಯ ಮಹಾಶಯರಿಗೂ ಬಿನ್ನಹವಿದೆ. ರೋಗಿಯ ಕೈಯ ನೂಲನ್ನು ಕಂಡು ನಗಬೇಡಿರಿ. “ಇವೆಲ್ಲ ಮೂಢನಂಬಿಕೆ” ಎಂದು ನೀವು ಗದರಿಸಿದರೆ ಅವನು ನೂಲು ಬಿಚ್ಚುವುದಿಲ್ಲ. ನಿಮ್ಮ ಬಾಗಿಲು ತುಳಿಯುವುದನ್ನು ಬಿಡುತ್ತಾನೆ. “ನೂಲೂ ಇರಲಿ, ಮಾತ್ರೆಯೂ ಇರಲಿ” ಎಂದು ಹೇಳಿ ನೋಡಿರಿ. ಮುಂದಿನ ತಿಂಗಳು ಅವನು ತಪ್ಪದೆ ಬರುತ್ತಾನೆ.

ಕಡೆಯದಾಗಿ ಖೋಲಿಯ ಸಂಗಾತಿಗಳೇ, ನಿಮ್ಮ ಕೈಯಲ್ಲಿರುವುದೇ ಹೆಚ್ಚು. ಹುಚ್ಚನೆಂದು ಕರೆದು ನಗುವ ಬಾಯಿಯನ್ನು ನಿಲ್ಲಿಸಿರಿ. ಆಸ್ಪತ್ರೆಯ ವಾರ ಬಂದಾಗ ಪಾಳಿ ಬದಲಿಸಿ ಅವನನ್ನು ಕಳಿಸಿಕೊಡಿರಿ. ರಾತ್ರಿ ಊಟವಾದ ಮೇಲೆ “ಮದ್ದು ತಿಂದಿಯಾ ತಮ್ಮಾ?” ಎಂದು ಕೇಳಿರಿ. ಅವನು ಊರಿಗೆ ಹೊರಟಾಗ ಗಂಟಿನಲ್ಲಿ ಮದ್ದಿದೆಯೇ ನೋಡಿರಿ. ಅವನ ಮನೆಯವರಿಗೆ ಒಂದು ಫೋನು ಮಾಡಿ, ದೇವರಿಗೆ ಹೇಳಿಕೊಳ್ಳುವುದನ್ನು ಹೇಳಿಕೊಳ್ಳಿ, ಮದ್ದು ಮಾತ್ರ ನಿಲ್ಲಿಸಬೇಡಿ ಎಂದು ತಿಳಿಸಿರಿ. ಮದ್ದನ್ನು ಶುರುಮಾಡಿದ ವೈದ್ಯನೊಡನೆ ಕೇಳದೆ ಅದನ್ನು ನಿಲ್ಲಿಸಬಾರದು. ನಿಲ್ಲಿಸು ಎಂದು ಹೇಳಲು ಜೋಯಿಸರಿಗೂ ಅಧಿಕಾರವಿಲ್ಲ, ಧಣಿಗೂ ಇಲ್ಲ, ಊರ ಹತ್ತು ಸಮಸ್ತರಿಗೂ ಇಲ್ಲ. ಈ ಒಂದು ಮಾತನ್ನು ನಾವು ಗಟ್ಟಿಯಾಗಿ ಹಿಡಿದರೆ ನಮ್ಮ ಎಷ್ಟೋ ತಮ್ಮಂದಿರು ಇನ್ನು ಊರಿನ ಗಾಡಿಗೆ ಹೊರೆಯಾಗಿ ಹತ್ತಲಾರರು; ಹಬ್ಬಕ್ಕೆಂದು ಹತ್ತಿ, ಹಬ್ಬ ಮುಗಿಸಿ, ಮರಳಿ ಕೆಲಸಕ್ಕೆ ಬಂದು ನಿಲ್ಲುತ್ತಾರೆ.